ಜಲಾಶಯ ಮಟ್ಟದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ

ಮಾನ್ಯ ಸಂಪಾದಕರೇ,

2024ರ ಆಗಸ್ಟ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವಾರದಲ್ಲಿ ಎರಡು ಹಳೇ ಕಟ್ಟಡಗಳು ಕೈಕೊಟ್ಟವು. 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. 1983ರ ಸೇತುವೆ ಅದು. ಮೇಲೆ ಹೋಗುತ್ತಿದ್ದ ಲಾರಿ ಹೊಳೆಗೆ ಬಿತ್ತು, ಚಾಲಕ ಪುಣ್ಯಕ್ಕೆ ಬದುಕಿದ. ಮೂರು ದಿನ ಬಿಟ್ಟು, 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಒಂದೇ ಕಡೆ ಒತ್ತಡ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ಸುಮ್ನೆ ಹರಿದುಹೋಯಿತು. ಕೊನೆಗೆ ಅಣೆಕಟ್ಟಿನ ಗೇಟುಗಳ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಹಲಗೆ ಇಳಿಸಿ ಬಾಯಿ ಮುಚ್ಚಿದರು. ಆ ವಯಸ್ಸಿನಲ್ಲಿ ಅವರು ನಿಂತು ಮಾಡಿಸಿದ ಕೆಲಸಕ್ಕೆ ನನ್ನಂಥವರು ಕೈಮುಗಿಯಬೇಕು.

ಎರಡೂ ಕಡೆ ಹಿಂದಿನ ದಿನದವರೆಗೆ ಹೊರಗಿನಿಂದ ನೋಡಿದವರಿಗೆ ಏನೂ ಆಗಿರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ನನ್ನ ಬಗ್ಗೆ ಎರಡು ಮಾತು. ನಾನು ಇಂಜಿನಿಯರ್ ಅಲ್ಲ. ಸೂಪಾ ಅಣೆಕಟ್ಟು ಕಟ್ಟುವ ಕಾಲದಲ್ಲಿ ಡ್ರಿಲ್ಲಿಂಗ್ ಮತ್ತು ಗ್ರೌಟಿಂಗ್, ಅಂದರೆ ಬಂಡೆ ಕೊರೆದು ಸಿಮೆಂಟ್ ತುಂಬುವ ಗ್ಯಾಂಗಿಗೆ ಹೆಲ್ಪರ್ ಆಗಿ ಸೇರಿದವನು. ಆಮೇಲೆ ಗುತ್ತಿಗೆದಾರರ ಜೊತೆ ಬೇರೆ ಬೇರೆ ರಾಜ್ಯ ಸುತ್ತಿ, ಫೋರ್‌ಮನ್ ಆಗಿ, ಈಗ ಕದ್ರಾ ಅಣೆಕಟ್ಟಿನ ಕೆಳಗೆ, ಕಾಳಿ ದಂಡೆಯ ಕೆರವಡಿಯಲ್ಲಿ ನಾಲ್ಕು ತೆಂಗಿನಮರ ನೋಡಿಕೊಂಡು ಇದ್ದೇನೆ. ನನ್ನ ದುಡಿಮೆಯ ಬಹುಪಾಲು ಕಳೆದದ್ದು ಅಣೆಕಟ್ಟುಗಳ ಹೊಟ್ಟೆಯೊಳಗೆ, ಅಂದರೆ ಗ್ಯಾಲರಿ ಅನ್ನುವ ಸುರಂಗದಂಥ ಓಣಿಯಲ್ಲಿ. ಕೆಳಗಿನ ಊರಿನಲ್ಲಿ ವಾಸ, ಒಳಗಿನ ಕೆಲಸದ ಅನುಭವ. ಹಾಗಾಗಿ ಎರಡೂ ಕಡೆಯ ಮಾತು ಆಡಬಹುದು ಅಂದುಕೊಂಡಿದ್ದೇನೆ.

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯ ಎಲ್ಲ ಪತ್ರಿಕೆಗಳಲ್ಲೂ ಒಂದು ಸಣ್ಣ ಪಟ್ಟಿ ಬರುತ್ತದೆ. ಸೂಪಾ ಗರಿಷ್ಠ 564 ಮೀಟರ್, ಇಂದು ಇಷ್ಟು. ಬೊಮ್ಮನಹಳ್ಳಿ 438.38, ತಟ್ಟಿಹಳ್ಳ 468.38, ಕೊಡಸಳ್ಳಿ 75.50, ಕದ್ರಾ 34.50, ಗೇರುಸೊಪ್ಪ 55 ಮೀಟರ್, ಲಿಂಗನಮಕ್ಕಿ 1819 ಅಡಿ. ಪಕ್ಕದಲ್ಲಿ ಒಳಹರಿವು, ಹೊರಹರಿವು. ನಮ್ಮ ದಂಡೆಯಲ್ಲಿ ಬೆಳಿಗ್ಗೆ ಚಹದ ಜೊತೆ ಮೊದಲು ಓದುವುದೇ ಇದನ್ನು. ರಾಶಿಫಲ ಆಮೇಲೆ. ಕದ್ರಾದ ಅಂಕಿ ನೋಡಿ, ಅಂದಿನ ಭರತಿ, ಅಂದರೆ ಸಮುದ್ರದ ಉಬ್ಬರ, ಎಷ್ಟು ಹೊತ್ತಿಗೆ ಅಂತ ಲೆಕ್ಕ ಹಾಕಿ, ದನ ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಮಾಡುವವರು ಇಲ್ಲಿದ್ದಾರೆ.

ಈ ಪಟ್ಟಿ ನೀರಿನ ಲೆಕ್ಕ ಹೇಳುತ್ತದೆ. ನೀರು ಹಿಡಿದು ನಿಂತಿರುವ ಗೋಡೆಯ ಬಗ್ಗೆ, ಗೇಟಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ.

ಅದನ್ನು ಅಳೆಯುವುದಿಲ್ಲ ಅಂತಲ್ಲ. ದಿನಾ ಅಳೆಯುತ್ತಾರೆ. ಕಾಂಕ್ರೀಟ್ ಅಣೆಕಟ್ಟು ನಿಲ್ಲುವುದು ತನ್ನ ತೂಕದಿಂದ. ನೀರು ಮುಂದಿನಿಂದ ತಳ್ಳುತ್ತದೆ, ಇದು ಎಲ್ಲರಿಗೂ ಗೊತ್ತು. ಅದೇ ನೀರು ಬುಡದ ಬಂಡೆಯ ಸೀಳುಗಳಲ್ಲಿ ನುಸುಳಿ ಕೆಳಗಿನಿಂದ ಮೇಲಕ್ಕೂ ಒತ್ತುತ್ತದೆ. ಆಗ ಗೋಡೆಯ ತೂಕ ಅಷ್ಟರಮಟ್ಟಿಗೆ ಹಗುರಾದ ಹಾಗೆ. ಇದಕ್ಕೆ ಅಪ್‌ಲಿಫ್ಟ್ ಅನ್ನುತ್ತಾರೆ. ಅದನ್ನು ತಡೆಯಲು ನೀರಿನ ಕಡೆ ಬಂಡೆಗೆ ಸಾಲಾಗಿ ತೂತು ಕೊರೆದು ಸಿಮೆಂಟ್ ಹಾಲು ತುಂಬಿ ಒಂದು ಪರದೆ ಮಾಡುತ್ತಾರೆ. ಅದೇ ನಮ್ಮ ಗ್ರೌಟಿಂಗ್. ಪರದೆ ದಾಟಿಯೂ ಸ್ವಲ್ಪ ನೀರು ಬಂದೇ ಬರುತ್ತದೆ. ಅದು ಒತ್ತಡ ಕಟ್ಟದೆ ಹೊರಗೆ ಬರಲಿ ಅಂತ ಹಿಂದೆ ಇನ್ನೊಂದು ಸಾಲು ತೂತು, ಡ್ರೈನ್ ಹೋಲ್. ಅವುಗಳಿಂದ ಬಂದ ನೀರು ಗ್ಯಾಲರಿಯ ಪಕ್ಕದ ಸಣ್ಣ ಕಾಲುವೆಯಲ್ಲಿ ಹರಿದು ಸಂಪಿಗೆ ಹೋಗುತ್ತದೆ. ದಾರಿಯಲ್ಲಿ ಒಂದು ತಗಡಿನ ತಡೆ, ಅದರಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು. ವಿ-ನಾಚ್. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಅಂತ ಸ್ಕೇಲಿನಲ್ಲಿ ನೋಡಿ ರಿಜಿಸ್ಟರಿಗೆ ಬರೆಯುವುದು ರೂಢಿ.

ನೋಡಲು ತೀರಾ ಸಾದಾ ಕೆಲಸ. ಆದರೆ ಅಲ್ಲೊಂದು ಸೂಕ್ಷ್ಮ ಇದೆ. ಸಾಮಾನ್ಯ ವಿ-ನಾಚಿನಲ್ಲಿ 5 ಸೆಂಟಿಮೀಟರ್ ಎತ್ತರ ಅಂದರೆ ನಿಮಿಷಕ್ಕೆ ಸುಮಾರು 46 ಲೀಟರ್. 10 ಸೆಂಟಿಮೀಟರ್ ಆದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಜಾಸ್ತಿ. ಹಾಗಾಗಿ ಟಾರ್ಚ್ ಹಿಡಿದವನು ಸೋಮಾರಿತನಕ್ಕೆ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಬರೆದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಬೇರೆ ರಾಜ್ಯದ ಒಂದು ಅಣೆಕಟ್ಟಿನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹೆಸರು ಬೇಡ. ಅಲ್ಲಿ ಸೋರಿಕೆಯ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಮೇಲಿನವರು ಬಂದಾಗಲೆಲ್ಲ ಷರಾ ಬರೆಯುತ್ತಿದ್ದರು: ಸೋರಿಕೆ ಕಡಿಮೆಯಾಗಿದೆ, ತೃಪ್ತಿಕರ. ನಾವು ಬೇರೇನೋ ಕೆಲಸಕ್ಕೆ ಹೋದವರು. ನಮ್ಮ ಹಿರಿಯ ಮೇಸ್ತ್ರಿ ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿ ಬಂದು, 'ಇದು ಸೋರಿಕೆ ನಿಂತದ್ದಲ್ಲ, ಮೂಗು ಕಟ್ಟಿದ್ದು' ಅಂದರು. ಕಾಂಕ್ರೀಟಿನ ಸುಣ್ಣ ನೀರಿನಲ್ಲಿ ಕರಗಿ ಬಂದು ಡ್ರೈನ್ ಹೋಲುಗಳ ಒಳಗೆಲ್ಲ ಬಿಳಿ ಪದರ ಕಟ್ಟಿತ್ತು, ಬಚ್ಚಲ ಹಂಡೆಯ ತಳದಲ್ಲಿ ಗಡಸು ನೀರಿನಿಂದ ಕಟ್ಟುತ್ತದಲ್ಲ ಹಾಗೆ. ನೀರು ಬರುವ ದಾರಿ ಮುಚ್ಚಿತ್ತು. ಬರಬೇಕಾದ ನೀರು ಕೆಳಗೇ ಒತ್ತಡ ಕಟ್ಟಿಕೊಂಡು ಕೂತಿತ್ತು. ಪಕ್ಕದಲ್ಲೇ ಒತ್ತಡ ಅಳೆಯುವ ಗೇಜುಗಳಿದ್ದವು, ಅವುಗಳ ಮುಳ್ಳು ಏರಿತ್ತು. ಆದರೆ ಸೋರಿಕೆಯ ಪುಸ್ತಕ ಒಬ್ಬರ ಹತ್ತಿರ, ಗೇಜಿನ ಪುಸ್ತಕ ಇನ್ನೊಬ್ಬರ ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಇರಲಿಲ್ಲ.

ನಾವು ಆ ತೂತುಗಳನ್ನು ಮತ್ತೆ ಕೊರೆದು ತೆಗೆದೆವು. ಒಂದು ಹೋಲಿನಿಂದ ಕೊರೆಯುವ ಬಿಟ್ ಹೊರಗೆ ಎಳೆಯುತ್ತಿದ್ದ ಹಾಗೆ ಮೊದಲು ಕೆನೆಯಂಥ ನೀರು, ಆಮೇಲೆ ತಣ್ಣನೆ ತಿಳಿನೀರು ಮೊಣಕಾಲೆತ್ತರಕ್ಕೆ ಚಿಮ್ಮಿತು. ಪೂರ್ತಿ ನೆನೆದೆವು. ಗೇಜಿನ ಮುಳ್ಳು ಇಳಿಯಿತು, ಸೋರಿಕೆಯ ಅಂಕಿ ಏರಿತು. ಕಚೇರಿಯಲ್ಲಿ ಗಾಬರಿ. 'ರಿಪೇರಿ ಮಾಡಿ ಅಂದರೆ ಸೋರಿಕೆ ಜಾಸ್ತಿ ಮಾಡಿದಿರಲ್ಲ' ಅಂತ ಬೈಸಿಕೊಂಡೆವು. ಅದನ್ನು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಮೇಸ್ತ್ರಿಗೆ ಸಾಕುಸಾಕಾಯಿತು.

ಇನ್ನೊಂದು ಕಡೆ ರಿಜಿಸ್ಟರಿನಲ್ಲಿ ಮಳೆಗಾಲ, ಬೇಸಿಗೆ ಎರಡರಲ್ಲೂ ಒಂದೇ ಅಂಕಿ. ಜಲಾಶಯ ಹತ್ತಾರು ಅಡಿ ಏರಿ ಇಳಿದರೂ ಸೋರಿಕೆ ಅಲ್ಲಾಡಿಲ್ಲ. ಅಂಥ ಅಣೆಕಟ್ಟು ಭೂಮಿ ಮೇಲೆ ಇಲ್ಲ. ಮೆಟ್ಟಿಲು ಇಳಿಯಲು ಬೇಜಾರಾಗಿ ಮೇಲೆ ಕೂತೇ ಬರೆದದ್ದು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು, ಯಾರಾದರೂ ಓದಿದ್ದರೆ.

ನನ್ನ ಕೆಲಸದ ಕಡೆಯ ತಪ್ಪೂ ಇದೆ, ಅದನ್ನೂ ಹೇಳಬೇಕು. ಗ್ರೌಟಿಂಗಿಗೆ ಎಷ್ಟೋ ಕಡೆ ದುಡ್ಡು ಕೊಡುವುದು ಸಿಮೆಂಟ್ ಚೀಲದ ಲೆಕ್ಕದಲ್ಲಿ. ಚೀಲ ಜಾಸ್ತಿ ಹೋದಷ್ಟೂ ಬಿಲ್ ಜಾಸ್ತಿ. ಸರಿಯಾಗಿ ಮಾಡುವುದಾದರೆ ಸಿಮೆಂಟ್ ಹಾಲನ್ನು ತೆಳ್ಳಗೆ ಶುರು ಮಾಡಿ, ಹೋಲು ಎಷ್ಟು ಕುಡಿಯುತ್ತದೆ ನೋಡಿ, ಆಮೇಲೆ ಗಟ್ಟಿ ಮಾಡುತ್ತಾ ಹೋಗಬೇಕು. ಒತ್ತಡ ಮಿತಿ ಮೀರಿದರೆ ಮುಚ್ಚಬೇಕಾದ ಬಿರುಕೇ ಬಾಯಿ ಬಿಡುತ್ತದೆ. ಗ್ರೌಟ್ ಮುಗಿದ ಮೇಲೆ ಹಿಂದಿನ ಡ್ರೈನ್ ಹೋಲುಗಳನ್ನು ಮತ್ತೆ ಕೊರೆದು ನೋಡಬೇಕು, ನಮ್ಮದೇ ಸಿಮೆಂಟ್ ಅಲ್ಲಿಗೂ ಹೋಗಿ ಕೂತಿರುತ್ತದೆ. ಈ ಕೊನೆಯ ಕೆಲಸಕ್ಕೆ ಚೀಲ ಖರ್ಚಾಗುವುದಿಲ್ಲ. ಹಾಗಾಗಿ ಅದು ಬಾಕಿ ಉಳಿಯುತ್ತದೆ. 'ದುರಸ್ತಿ ಪೂರ್ಣ' ಅಂತ ಫಲಕ ಹಾಕಿದ ಕಡೆಯೂ ಇದನ್ನು ಕೇಳಿ ನೋಡಬೇಕು.

ಗೇಟಿನ ಕಥೆ ಬೇರೆ. ಕಾಂಕ್ರೀಟಿಗೆ ನೂರು ವರ್ಷ ಅಂತಾರೆ, ಇರಲಿ. ಗೇಟಿನ ರಬ್ಬರ್ ಸೀಲಿಗೆ, ತಂತಿ ಹಗ್ಗಕ್ಕೆ ಆ ಆಯಸ್ಸಿಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ಮನೆಯ ಕಿಟಕಿ ಸರಳೇ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹಗ್ಗಕ್ಕೆ ಕಾರ್ಡಿಯಂ ಕಾಂಪೌಂಡ್ ಅನ್ನುವ ಜಿಡ್ಡು ಬಳಿಯಬೇಕು. ಹೊರಗೆ ಕಪ್ಪಗೆ ಮಿಂಚುತ್ತಿದ್ದರೆ ಸಾಲದು, ಎಳೆ ಬಿಡಿಸಿ ಒಳಗೆ ನೋಡಬೇಕು. ಕಮಾನು ಆಕಾರದ ರೇಡಿಯಲ್ ಗೇಟುಗಳು ಯಾವ ಪಿನ್ನಿನ ಮೇಲೆ ತಿರುಗುತ್ತವೋ ಅಲ್ಲಿಗೆ ಗ್ರೀಸ್ ಮುಟ್ಟಬೇಕು. ಅಮೆರಿಕದ ಫೋಲ್ಸಮ್ ಅಣೆಕಟ್ಟಿನಲ್ಲಿ 1995ರ ಜುಲೈನಲ್ಲಿ ಒಂದು ಗೇಟ್ ಮುರಿದದ್ದು ಇಂಥ ಪಿನ್ನಿನ ಜಾಗದಲ್ಲಿ ತಿಕ್ಕಾಟ ಜಾಸ್ತಿಯಾಗಿ. ದೊಡ್ಡ ದೇಶ, ದೊಡ್ಡ ಇಂಜಿನಿಯರುಗಳು. ಗ್ರೀಸಿನ ವಿಷಯದಲ್ಲಿ ನಾವೆಲ್ಲ ಒಂದೇ.

ಇನ್ನು ಸ್ಟಾಪ್‌ಲಾಗ್. ಗೇಟಿನ ಮುಂದೆ ಇಳಿಸಿ ನೀರು ತಡೆದು, ಹಿಂದೆ ಗೇಟ್ ರಿಪೇರಿ ಮಾಡುವ ಉಕ್ಕಿನ ಹಲಗೆಗಳು. ತುಂಗಭದ್ರೆಯಲ್ಲಿ ಅವನ್ನು ಆಪತ್ತು ಬಂದ ಮೇಲೆ ಹಗಲು ರಾತ್ರಿ ಕೂತು ಮಾಡಿಸಬೇಕಾಯಿತು. ಇದ್ದ ಕಡೆಯೂ ವರ್ಷಗಟ್ಟಲೆ ಅಂಗಳದಲ್ಲಿ ಬಿಸಿಲು ಮಳೆಗೆ ಬಿದ್ದಿರುತ್ತವೆ. ಇಳಿಸುವ ಕ್ರೇನ್ ಓಡುತ್ತದಾ? ಹಲಗೆ ಕೂರುವ ತೋಡಿನಲ್ಲಿ ಕಲ್ಲು, ದಿಮ್ಮಿ ಸಿಕ್ಕಿಕೊಂಡಿಲ್ಲವಾ? ಕರೆಂಟ್ ಹೋದ ಹೊತ್ತಿನಲ್ಲಿ ಗೇಟ್ ಎತ್ತಲು ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್ ಇದೆಯಾ, ಅದರಲ್ಲಿ ಡೀಸೆಲ್ ಇದೆಯಾ? ಜೋರು ಮಳೆಯ ರಾತ್ರಿ ನಮ್ಮ ಕಡೆ ಮೊದಲು ಹೋಗುವುದೇ ಕರೆಂಟ್ ಅಲ್ವಾ?

ಇದೇ ಕಾರಣಕ್ಕೆ ನಮ್ಮ ಮಲೆನಾಡಿನ ಒಂದು ಹಳೇ ಅಣೆಕಟ್ಟಿನ ನೆನಪಾಗುತ್ತದೆ. ಶರಾವತಿಯ ಹಿರೇಭಾಸ್ಕರ, 1948ರದು. ಅದರಲ್ಲಿ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳಿವೆ. ನೀರು ಮಟ್ಟ ಮೀರಿದರೆ ತಾನಾಗಿಯೇ ಎಳೆದು ಹೊರಗೆ ಹಾಕುತ್ತವೆ, ಗೇಟ್ ಎತ್ತುವವನೇ ಬೇಡ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದು ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ತಲೆ ಎತ್ತುತ್ತದೆ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಈಗಿನ ಅಣೆಕಟ್ಟುಗಳು ಹಾಗಲ್ಲ. ಗೇಟು, ಮೋಟಾರು, ಮನುಷ್ಯ ಮೂರೂ ಸರಿಯಿದ್ದರೆ ಮಾತ್ರ ನೀರು ಹೊರಗೆ ಹೋಗುತ್ತದೆ.

ಕಾಳಿಯ ಲೆಕ್ಕ ನೋಡಿ. ಮೇಲೆ ಸೂಪಾ, 101 ಮೀಟರ್ ಎತ್ತರ, ಸುಮಾರು 145 ಟಿಎಂಸಿ. ಅಲ್ಲಿಂದ ಬೊಮ್ಮನಹಳ್ಳಿ, ನಾಗಝರಿ ವಿದ್ಯುದಾಗಾರ, ಕೊಡಸಳ್ಳಿ, ಕೊನೆಗೆ ಕದ್ರಾ. ಕದ್ರಾದ ನೀರಿನ ದಂಡೆಯಲ್ಲೇ ಕೈಗಾ ಅಣುಸ್ಥಾವರ. ಕದ್ರಾ ದಾಟಿದರೆ ನಾವು: ಮಲ್ಲಾಪುರ, ಕೆರವಡಿ, ಹಣಕೋಣ, ಕಿನ್ನರ, ಕಡವಾಡ, ಆಮೇಲೆ ಸಮುದ್ರ. ಒಂದರ ಕೆಳಗೊಂದು ಇರುವ ಅಣೆಕಟ್ಟುಗಳಲ್ಲಿ ಮೇಲಿನದರ ಗುಟ್ಟು ಕೆಳಗಿನವರಿಗೆ ಗೊತ್ತಿರಲೇಬೇಕು. ಸೂಪಾ ಅಣೆಕಟ್ಟಿಗೂ ನಾಲ್ಕು ದಶಕದ ಹತ್ತಿರ ವಯಸ್ಸಾಯಿತು. ಗಾಬರಿಪಡುವ ವಯಸ್ಸಲ್ಲ, ತಪಾಸಣೆ ತಪ್ಪಿಸುವ ವಯಸ್ಸೂ ಅಲ್ಲ.

2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ನಮ್ಮ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅದು ಅಣೆಕಟ್ಟಿನ ದೋಷ ಅಲ್ಲ, ವಿಪರೀತ ಮಳೆಯ ನೀರನ್ನು ಯಾವಾಗ ಎಷ್ಟು ಬಿಡಬೇಕು ಅನ್ನುವ ಪ್ರಶ್ನೆ. ಅದರ ಚರ್ಚೆ ಸಾಕಷ್ಟು ಆಗಿದೆ, ನಾನು ಅದಕ್ಕೆ ಕೈಹಾಕುವುದಿಲ್ಲ. ಆದರೆ ಅವತ್ತಿನಿಂದ ಜೋರು ಮಳೆ ಹಿಡಿದರೆ ಸಾಕು, ಯಾರದೋ ವಾಟ್ಸಾಪಿನಲ್ಲಿ 'ಡ್ಯಾಮ್ ಬಿರುಕು ಬಿಟ್ಟಿದೆಯಂತೆ' ಅಂತ ಶುರುವಾಗುತ್ತದೆ. ಪಕ್ಕದ ಮನೆಯ ವಹಿನಿ ನನ್ನನ್ನು ಕೇಳುತ್ತಾರೆ, 'ಹೌದನ್ರೀ?' ಅಂತ. ಇಲ್ಲ ಅನ್ನಲು ನನ್ನ ಹತ್ತಿರ ಏನಿದೆ? ನೀರಿನ ಮಟ್ಟದ ಪಟ್ಟಿ, ಅಷ್ಟೇ.

ಕಾನೂನು ನಮ್ಮ ಕಡೆ ಇದೆ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಗೆ ಬಂದಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ ಅದರಡಿ ಬರುತ್ತವೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಲೀಕರು ತಪಾಸಣೆ ಮಾಡಲೇಬೇಕು. ಸ್ವತಂತ್ರ ತಜ್ಞರ ಸಮಿತಿಯಿಂದ ಸಮಗ್ರ ಪರೀಕ್ಷೆ ಆಗಬೇಕು, ಮೊದಲನೆಯದಕ್ಕೆ ಐದು ವರ್ಷದ ಗಡುವು. ತುರ್ತು ಕ್ರಮದ ಯೋಜನೆಗೂ ಐದೇ ವರ್ಷ: ಅಣೆಕಟ್ಟಿಗೆ ಏನಾದರೂ ಆದರೆ ಯಾವ ಊರಿಗೆ ಎಷ್ಟು ನೀರು ಬರುತ್ತದೆ ಅನ್ನುವ ನಕ್ಷೆ ಅದರಲ್ಲಿರಬೇಕು. ಅಂದರೆ ಈ ಎರಡಕ್ಕೂ ಗಡುವು 2026ರ ಡಿಸೆಂಬರ್ ಕೊನೆ. ನೆರೆಯ ಮುನ್ಸೂಚನೆಯ ಮಾಹಿತಿ ಜನರಿಗೆ ಸಿಗುವಂತಿರಬೇಕು ಅಂತಲೂ ಕಾಯ್ದೆಯೇ ಹೇಳುತ್ತದೆ. ಕೇಂದ್ರ ಜಲ ಆಯೋಗ 'ಧರ್ಮ' ಅನ್ನುವ ಸಾಫ್ಟ್‌ವೇರ್ ಮಾಡಿದೆ, ಅಣೆಕಟ್ಟುಗಳ ಆರೋಗ್ಯದ ದಾಖಲೆ ಇಡುವುದಕ್ಕೇ. ಅಂಕಿಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ.

ಆದ್ದರಿಂದ ಸಂಪಾದಕರೇ, ನನ್ನ ಮೊದಲ ಮನವಿ ಅಧಿಕಾರಿಗಳಿಗಲ್ಲ, ನಿಮಗೆ. ನಿಮ್ಮ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ. ದಿನಾ ಬೇಡ, ತಿಂಗಳಿಗೊಮ್ಮೆ ಸಾಕು. ಮಳೆಗಾಲದ ಮುಂಚಿನ ತಪಾಸಣೆ ಯಾವ ತಾರೀಕಿಗೆ ಆಯಿತು, ಎಲ್ಲ ಗೇಟುಗಳನ್ನೂ ಎತ್ತಿ ಇಳಿಸಿ ನೋಡಿದರಾ, ಯಾವುದು ಬಾಕಿ. ಡಿಜಿ ಸೆಟ್ ಮೇಲೆ ಗೇಟ್ ಎತ್ತಿ ನೋಡಿದ್ದು ಯಾವಾಗ. ಸೋರಿಕೆ ನಿಮಿಷಕ್ಕೆ ಎಷ್ಟು ಲೀಟರ್, ಹೋದ ವರ್ಷ ಇದೇ ತಿಂಗಳು, ಇದೇ ಮಟ್ಟದಲ್ಲಿ ಎಷ್ಟಿತ್ತು. ಇದೇ ಮಟ್ಟ ಅನ್ನುವುದು ಮುಖ್ಯ. ಜಲಾಶಯ ತುಂಬಿದಾಗಿನ ಅಂಕಿಯನ್ನು ಬೇಸಿಗೆಯ ಅಂಕಿಯ ಜೊತೆ ಇಟ್ಟರೆ ಸುಮ್ನೆ ಜನ ಹೆದರುತ್ತಾರೆ. ಚಳಿಗಾಲದಲ್ಲಿ ಕಾಂಕ್ರೀಟ್ ಕುಗ್ಗಿ ಜಾಯಿಂಟ್ ಅಗಲವಾಗಿ ಸೋರಿಕೆ ಸ್ವಲ್ಪ ಏರುವುದೂ ಸಹಜ. ಪಕ್ಕದಲ್ಲಿ ಒತ್ತಡದ ಗೇಜುಗಳ ಸ್ಥಿತಿ ಒಂದು ಮಾತಿನಲ್ಲಿ ಬರಲಿ. ಯಾಕೆ ಅಂತ ಮೇಲೆ ಹೇಳಿದ್ದೇನೆ. ಹೋದ ತಪಾಸಣೆಯಲ್ಲಿ ಹೇಳಿದ ರಿಪೇರಿಗಳಲ್ಲಿ ಎಷ್ಟು ಮುಗಿದವು, ಎಷ್ಟು ಉಳಿದವು, ಇದೂ ಇರಲಿ. ಮಾಹಿತಿ ಕೊಡದಿದ್ದರೆ 'ಮಾಹಿತಿ ಬಂದಿಲ್ಲ' ಅಂತಲೇ ಅಚ್ಚು ಹಾಕಿ. ಎರಡು ತಿಂಗಳು ಹಾಗೆ ಬಂದರೆ ಮೂರನೇ ತಿಂಗಳು ತಾವಾಗಿಯೇ ಕಳಿಸುತ್ತಾರೆ.

ಭದ್ರತೆಯ ವಿಷಯ, ಇದನ್ನೆಲ್ಲ ಹೇಳಲಾಗದು ಅಂತ ಉತ್ತರ ಬರಬಹುದು. ಗ್ಯಾಲರಿಯ ನಕ್ಷೆಯನ್ನಾಗಲಿ, ಬಾಗಿಲಿನ ಬೀಗವನ್ನಾಗಲಿ ನಾನು ಕೇಳುತ್ತಿಲ್ಲ. ಸೋರಿಕೆ ಅನ್ನುವ ಪದ ಕಂಡರೆ ಜನ ಗಾಬರಿಯಾಗುತ್ತಾರೆ ಅನ್ನುವುದೂ ಪೂರ್ತಿ ಸುಳ್ಳಲ್ಲ. ಸೋರದ ಕಾಂಕ್ರೀಟ್ ಅಣೆಕಟ್ಟು ಇಲ್ಲ ಅಂತ ಒಂದು ಸಲ ತಿಳಿಸಿ ಹೇಳಿದರೆ ಸಾಕು. ನೀರು ತಿಳಿಯಾಗಿದೆಯಾ, ಕೆಸರಾಗಿದೆಯಾ ಅನ್ನುವುದು ಎಷ್ಟು ಮುಖ್ಯ ಅಂತ ಬಾವಿ, ಕೆರೆ ನೋಡಿ ಬೆಳೆದ ನಮ್ಮ ಜನಕ್ಕೆ ಕಲಿಸಬೇಕಾಗಿಲ್ಲ. ಮಣ್ಣಿನ ಕಟ್ಟೆಯಲ್ಲಂತೂ ಕೆಸರು ನೀರು ಬಂತೆಂದರೆ ಒಳಗಿನ ಮಣ್ಣು ಕೊಚ್ಚುತ್ತಿದೆ ಅಂತಲೇ ಅರ್ಥ.

ನಮ್ಮದೇ ಕೊಂಕಣ ಪಟ್ಟಿಯಲ್ಲಿ, ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲ್ಲೂಕಿನ ತಿವರೆ ಅನ್ನುವ ಸಣ್ಣ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಕೆಳಗಿನ ಮನೆಗಳು ಜನರ ಸಮೇತ ಹೋದವು. ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಅಳೆಯುವ ಸಲಕರಣೆ ಅವರ ಹತ್ತಿರ ಇರಲಿಲ್ಲ, ಕಣ್ಣಿತ್ತು. ಜನ ನೋಡಿದ್ದನ್ನು ಬರೆದುಕೊಳ್ಳುವ ಪುಸ್ತಕ ನಾನಂತೂ ಎಲ್ಲೂ ನೋಡಿಲ್ಲ. ಇಲ್ಲಿಯಾದರೂ ಇರಲಿ.

ರಿಪೇರಿಯ ಕಾಲ ಜನವರಿಯಿಂದ ಮೇ ತನಕ, ನೀರು ಇಳಿದಾಗ. ವಿದ್ಯುತ್ ಬೇಡಿಕೆ ಏರುವುದೂ ಆಗಲೇ. ಯಂತ್ರ ನಿಲ್ಲಿಸಿ ಅಂದರೆ ಯಾರಿಗೂ ಮನಸ್ಸಾಗುವುದಿಲ್ಲ. ಈ ಹಗ್ಗಜಗ್ಗಾಟದಲ್ಲಿ ಪ್ರತಿ ಸಲ ಸೋಲುವುದು ರಿಪೇರಿಯೇ. ಕೊಡಸಳ್ಳಿಯ 120, ಕದ್ರಾದ 150 ಮೆಗಾವಾಟ್ ನಮಗೂ ಬೇಕು, ನನ್ನ ಪಂಪ್ ಓಡುವುದೂ ಕರೆಂಟಿನಿಂದಲೇ. ಬಾಕಿ ಕೆಲಸದ ಪಟ್ಟಿ ಪತ್ರಿಕೆಯಲ್ಲಿ ಬಂದರೆ ಒಳಗಿರುವ ಇಂಜಿನಿಯರುಗಳಿಗೇ ಬಲ. 'ನೋಡಿ, ಜನ ಕೇಳುತ್ತಿದ್ದಾರೆ, ಹದಿನೈದು ದಿನ ಶಟ್‌ಡೌನ್ ಕೊಡಿ' ಅಂತ ಅವರು ಮೇಲಿನವರಿಗೆ ಹೇಳಬಹುದು. ನನಗೆ ಗೊತ್ತಿರುವ ಮಟ್ಟಿಗೆ ಆ ಮಾತಿಗಾಗಿ ಕಾಯುತ್ತಿರುವವರು ಒಳಗೇ ಎಷ್ಟೋ ಜನ ಇದ್ದಾರೆ.

ಎರಡನೇ ಮನವಿ ಜಿಲ್ಲಾಡಳಿತಕ್ಕೆ. ತುರ್ತು ಕ್ರಮದ ಯೋಜನೆ ಸಿದ್ಧವಾದ ಮೇಲೆ ಅದರ ಸಾರಾಂಶವನ್ನು ಕನ್ನಡದಲ್ಲಿ ಕದ್ರಾದಿಂದ ಕೋಡಿಬಾಗದ ತನಕ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಗೇರುಸೊಪ್ಪದ ಕೆಳಗೆ ಹೊನ್ನಾವರದ ಕಡೆಗೂ ಹಾಗೆಯೇ. ಗ್ರಾಮಸಭೆಯಲ್ಲಿ ಓದಿ ಹೇಳುವಾಗ ಕೊಂಕಣಿಯಲ್ಲೂ ಹೇಳಿ. ಕಿನ್ನರ, ಹಣಕೋಣದ ಅಜ್ಜಿಯರಿಗೆ 'ಗರಿಷ್ಠ ಹೊರಹರಿವು' ಅಂದರೆ ತಿಳಿಯುವುದಿಲ್ಲ. ಯಾವ ಮೆಟ್ಟಿಲ ತನಕ ನೀರು ಬರುತ್ತದೆ, ಸೈರನ್ ಆದ ಮೇಲೆ ಎಷ್ಟು ಹೊತ್ತು ಸಮಯ ಇದೆ, ಯಾವ ದಾರಿಯಲ್ಲಿ ಹೋಗಬೇಕು, ಇಷ್ಟು ಹೇಳಿದರೆ ಆಯಿತು.

ಗ್ಯಾಲರಿಯ ಅಂಕಿಗಳನ್ನು ಜನರಿಗೆ ತಿಳಿಯುವ ಹಾಗೆ ಬರೆದುಕೊಡಲು ಯಾರೂ ಸಿಗದಿದ್ದರೆ, ವಿ-ನಾಚಿನ ಲೆಕ್ಕ ನನಗೆ ಈಗಲೂ ಬಾಯಿಪಾಠ ಇದೆ. ಪತ್ರಿಕೆಯವರು ಕರೆದರೆ ಕಾರವಾರದ ಬಸ್ಸು ಹತ್ತಿ ಬರುತ್ತೇನೆ.

ಇಂತಿ,
ನಿವೃತ್ತ ಗ್ರೌಟಿಂಗ್ ಫೋರ್‌ಮನ್,
ಕೆರವಡಿ, ಕಾರವಾರ ತಾಲ್ಲೂಕು